ಮೊರಿಗಾ ಆಫಾಯೊ: ಕೊರಿಯನ್ ಭಾಷೆಯಲ್ಲಿ ತಲೆನೋವು

ಕೊರಿಯನ್ ಭಾಷೆಯಲ್ಲಿ ತಲೆ ನೋಯುತ್ತಿದೆ ಅನ್ನೋದಕ್ಕೆ ಎರಡೇ ಪದ ಸಾಕು. ಮೊರಿಗಾ ಆಫಾಯೊ. ಮೊರಿ ಅಂದರೆ ತಲೆ. ಆಫಾಯೊ ಅಂದರೆ ನೋವಿದೆ. ಎರಡು ನಿಮಿಷದಲ್ಲಿ ಬಾಯಿಪಾಠ ಆಗುತ್ತದೆ. ಆದರೆ ಬರೀ ಬಾಯಿಪಾಠ ಮಾಡಿಕೊಂಡವರು ಮೂರನೇ ವಾಕ್ಯಕ್ಕೇ ಎಡವುತ್ತಾರೆ. ನಿನ್ನೆಯಿಂದ ನೋವು ಅನ್ನಬೇಕು, ಅಜ್ಜಿಗೆ ತಲೆನೋವು ಅನ್ನಬೇಕು, ಎಂಥ ನೋವು ಅಂತ ಡಾಕ್ಟರು ಕೇಳಿದರೆ ಉತ್ತರ ಕೊಡಬೇಕು. ಅದಕ್ಕೇ ಈ ಎರಡು ಪದಗಳನ್ನು ಸ್ವಲ್ಪ ಬಿಚ್ಚಿ ನೋಡೋಣ.

ಕೊರಿಯನ್ ಕಲಿಸುವ ಪುಸ್ತಕ, ಆ್ಯಪ್, ವಿಡಿಯೊ ನಮಗೆ ಸಿಗೋದು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ. ಹಾಗಾಗಿ ನಾವು ಕನ್ನಡದಿಂದ ಮೊದಲು ಇಂಗ್ಲಿಷ್‌ಗೆ ಹೋಗಿ, ಅಲ್ಲಿಂದ ಕೊರಿಯನ್‌ಗೆ ಹೋಗುತ್ತೇವೆ. ಮೈಸೂರಿನಿಂದ ಮಂಡ್ಯಕ್ಕೆ ಮಡಿಕೇರಿ ಮೇಲೆ ಹೋದ ಹಾಗೆ. ತಲೆನೋವಿನ ವಿಷಯದಲ್ಲಂತೂ ಈ ಸುತ್ತು ಬೇಡವೇ ಬೇಡ. ಕನ್ನಡದಿಂದ ನೇರ ದಾರಿ ಇದೆ. ದಾರಿಯಲ್ಲಿ ಮೂರು ನಾಲ್ಕು ಗುಂಡಿಗಳಿವೆ, ಅವು ಎಲ್ಲಿವೆ ಅಂತ ಗೊತ್ತಿದ್ದರೆ ಸಾಕು.

ನೋಡಿ, "ಐ ಹ್ಯಾವ್ ಎ ಹೆಡೇಕ್" ಅನ್ನುತ್ತದೆ ಇಂಗ್ಲಿಷ್. ಅಲ್ಲಿ ತಲೆನೋವು ನನ್ನ ಹತ್ತಿರ ಇರುವ ವಸ್ತು, ಕೊಡೆಯ ಹಾಗೆ. ಅದನ್ನು ಪದಕ್ಕೆ ಪದ ಕೊರಿಯನ್‌ಗೆ ತಂದರೆ "ನಾನು ತಲೆನೋವನ್ನು ಇಟ್ಟುಕೊಂಡಿದ್ದೇನೆ" ಅನ್ನುವಂಥ ವಾಕ್ಯ ಹುಟ್ಟುತ್ತದೆ. ಕೊರಿಯನ್ನರು ಹಾಗೆ ಹೇಳುವುದಿಲ್ಲ. ನಾವೂ ಹೇಳುವುದಿಲ್ಲ, ಅಲ್ವಾ? ನಮಗೆ ತಲೆನೋವು 'ಇದೆ', ಅಥವಾ ತಲೆಯೇ 'ನೋಯುತ್ತದೆ'. ಕೊರಿಯನ್‌ನಲ್ಲೂ ಇವೇ ಎರಡು ದಾರಿ. "ದುಥೊಙಿ ಇಸ್ಸೊಯೊ" ಅಂದರೆ ತಲೆನೋವು ಇದೆ. "ಮೊರಿಗಾ ಆಫಾಯೊ" ಅಂದರೆ ತಲೆ ನೋಯುತ್ತದೆ. ಪದಗಳ ಸಾಲು ಕೂಡ ನಮ್ಮದೇ. ಕ್ರಿಯಾಪದ ಕೊನೆಯಲ್ಲಿ, ವಿಭಕ್ತಿ ಪ್ರತ್ಯಯ ನಾಮಪದದ ಬಾಲಕ್ಕೆ.

ಇಷ್ಟೊಂದು ಹೋಲಿಕೆ ನೋಡಿ ಕೊರಿಯನ್ನಿಗೂ ದ್ರಾವಿಡ ಭಾಷೆಗಳಿಗೂ ನೆಂಟಸ್ತನ ಇರಬೇಕು ಅಂತ ನೂರು ವರ್ಷದ ಹಿಂದೆಯೇ ಬರೆದವರಿದ್ದಾರೆ. ಇವತ್ತಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ನೆಂಟರಲ್ಲದಿದ್ದರೂ ಮನೆಯ ನಕ್ಷೆ ಒಂದೇ ಥರ ಇರಬಹುದಲ್ಲ, ಕಲಿಯುವವರಿಗೆ ಅಷ್ಟು ಸಾಕು.

'ಗಾ' ನಮ್ಮ 'ಗೆ' ಅಲ್ಲ

ಮೊದಲ ಗುಂಡಿ ಇಲ್ಲೇ ಇದೆ. ಮೊರಿಗಾ ಅಂತ ಕೇಳಿದ ತಕ್ಷಣ ಕನ್ನಡದ ಕಿವಿಗೆ 'ತಲೆಗೆ' ಅಂತ ಅನ್ನಿಸುತ್ತದೆ. ಆದರೆ ಈ ಗಾ ಚತುರ್ಥಿ ಅಲ್ಲ, ಪ್ರಥಮಾ ವಿಭಕ್ತಿ. ಮೊರಿಗಾ ಅಂದರೆ 'ತಲೆಯು'. ಶಾಲೆಯಲ್ಲಿ ರಾಮನು, ಮರವು ಅಂತ ಬರೆದ ಆ 'ಉ' ಪ್ರತ್ಯಯದ ಕೆಲಸವನ್ನು ಇದು ಮಾಡುತ್ತದೆ. ಪದ ಸ್ವರದಲ್ಲಿ ಮುಗಿದರೆ ಗಾ, ವ್ಯಂಜನದಲ್ಲಿ ಮುಗಿದರೆ ಇ. ಹಾಗಾಗಿ ಹೊಟ್ಟೆನೋವಾದರೆ "ಬೆಗಾ ಆಫಾಯೊ", ಸೊಂಟನೋವಾದರೆ "ಹೊರಿಗಾ ಆಫಾಯೊ". ಗಂಟಲು ಅಂದರೆ ಮೊಕ್, ಅದು ವ್ಯಂಜನದಲ್ಲಿ ಮುಗಿಯೋದರಿಂದ "ಮೊಗಿ ಆಫಾಯೊ". ಕ ಹೋಗಿ ಗ ಬಂತು, ಗಮನಿಸಿದಿರಾ? ಕಣ್ಣು ನುನ್, "ನುನಿ ಆಫಾಯೊ".

ಯಾರಿಗೆ ನೋವು ಅಂತ ಹೇಳೋದು ಹೇಗೆ? ನಾವು ನನಗೆ, ಅವಳಿಗೆ ಅನ್ನುತ್ತೇವೆ. ಕೊರಿಯನ್‌ನಲ್ಲಿ 'ನನಗೆ' ಅನ್ನೋದಕ್ಕೆ ಜೊಎಗೆ ಅಂತ ಒಂದು ರೂಪ ಇದೆ. ಕೊನೆಯ 'ಎಗೆ' ಕೇಳಿದರೆ ನಮ್ಮೂರಿನ 'ಗೆ' ಸಿಕ್ಕಿದಷ್ಟು ಖುಷಿಯಾಗುತ್ತದೆ. ಆದರೆ ನೋವಿಗೆ ಅದನ್ನು ಬಳಸುವುದಿಲ್ಲ. ಅಲ್ಲಿ "ಜೊನುನ್ ಮೊರಿಗಾ ಆಫಾಯೊ" ಅನ್ನಬೇಕು. 'ನಾನಾದರೆ, ತಲೆ ನೋಯುತ್ತದೆ' ಅನ್ನುವ ಥರ. ನುನ್ ಅನ್ನೋದು ಯಾರ ವಿಷಯ ಮಾತಾಡುತ್ತಿದ್ದೇವೆ ಅಂತ ತೋರಿಸುವ ಗುರುತು ಅಷ್ಟೇ. ನಿಜ ಹೇಳಬೇಕಂದರೆ ಜೊನುನ್ ಅನ್ನು ಬಿಟ್ಟುಬಿಡೋದೇ ಸರಿ. ಹಣೆ ಒತ್ತಿಕೊಂಡು ಕೂತವರು ತಲೆನೋವು ಅಂದರೆ, ಯಾರಿಗೆ ಅಂತ ಯಾರೂ ಕೇಳುವುದಿಲ್ಲ.

ಅಪ್ಪ ಬೇಡ, ಆಫಾ ಬೇಕು

ಈಗ ಉಚ್ಚಾರಣೆ. ಆಫಾಯೊ ಅಂತ ಬರೆದೆನಲ್ಲ, ಆ ಫ ಫ್ಯಾನಿನ ಫ ಅಲ್ಲ. ಫಲ, ಫಾಲ್ಗುಣದ ಹಳೆಯ ಮಹಾಪ್ರಾಣ ಫ. ತುಟಿ ಮುಚ್ಚಿ, ಉಸಿರು ಹೊರಗೆ ಬರುವಂತೆ ಬಿಡಬೇಕು. ಅಂಗೈ ಬಾಯಿಯ ಮುಂದೆ ಹಿಡಿದರೆ ಗಾಳಿ ತಾಗಬೇಕು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಉಸಿರು ಬಿಡದೆ ಬಿಗಿಯಾಗಿ 'ಆಪ್ಪಾ' ಅಂದರೆ ಕೊರಿಯನ್‌ನಲ್ಲೂ ಅದರ ಅರ್ಥ ಅಪ್ಪ! ಮಕ್ಕಳು ಮನೆಯಲ್ಲಿ ತಂದೆಯನ್ನು ಕರೆಯೋದೇ ಹಾಗೆ. ನೋವಾದರೆ ಅಯ್ಯಪ್ಪಾ ಅನ್ನೋದು ನಮಗೆ ರೂಢಿ, ಅಲ್ಲಿ ಮಾತ್ರ "ಮೊರಿಗಾ ಆಪ್ಪಾಯೊ" ಅಂದರೆ ತಲೆಯೇ ಅಪ್ಪ ಅಂದ ಹಾಗೆ ಕೇಳುತ್ತದೆ. ಪಕ್ಕದಲ್ಲೇ ಇನ್ನೊಂದು ಪದ ಇದೆ, ಬಾಪ್ಪಾಯೊ. ಅಂದರೆ ಪುರಸೊತ್ತಿಲ್ಲ, ಕೆಲಸ ಇದೆ ಅಂತ. ಪ, ಫ, ಪ್ಪ ಮೂರನ್ನೂ ಬೇರೆ ಮಾಡಿ ಹೇಳೋದು ಕೊರಿಯನ್ ಕಲಿಯುವ ಎಲ್ಲರಿಗೂ ಕಷ್ಟ. ನಮಗೆ ಅಲ್ಪಪ್ರಾಣ ಮಹಾಪ್ರಾಣ ಅಂತ ಬೈಸಿಕೊಂಡು ಕಲಿತ ಅಭ್ಯಾಸ ಇರೋದರಿಂದ ಸ್ವಲ್ಪ ಸುಲಭ.

ಕೊರಿಯನ್ ಲಿಪಿಯಲ್ಲೂ ಈ ಲೆಕ್ಕ ಕಣ್ಣಿಗೆ ಕಾಣುತ್ತದೆ. ಹಂಗುಲ್ ಅನ್ನುವ ಆ ಲಿಪಿಯನ್ನು ಸೆಜೊಙ್ ಅನ್ನುವ ರಾಜ 1443ರಲ್ಲಿ ರೂಪಿಸಿ 1446ರಲ್ಲಿ ಜನರಿಗೆ ಕೊಟ್ಟ. ಅದರಲ್ಲಿ ಕ ಅಕ್ಷರಕ್ಕೆ ಇನ್ನೊಂದು ಗೀಟು ಎಳೆದರೆ ಖ, ತ ಅಕ್ಷರಕ್ಕೆ ಎಳೆದರೆ ಥ. ಅಕ್ಷರವನ್ನು ಜೋಡಿಯಾಗಿ ಬರೆದರೆ ಬಿಗಿಯಾದ ಕ್ಕ, ತ್ತ, ಪ್ಪ. ನಾವು ಪ ಅಕ್ಷರಕ್ಕೆ ಕೆಳಗೆ ಒಂದು ಸೀಳು ಹಾಕಿ ಫ ಮಾಡುತ್ತೇವಲ್ಲ, ಅದೇ ಉಪಾಯ.

ಮೊರಿಯ 'ಒ' ಕೂಡ ನಮ್ಮ ಒ ಅಲ್ಲ. ಒ ಅನ್ನಲು ಹೊರಟು, ತುಟಿ ಗುಂಡಗೆ ಮಾಡದೆ ಬಾಯಿ ಸಡಿಲ ಬಿಟ್ಟರೆ ಬರುವ ಸ್ವರ ಅದು. ಅ ಮತ್ತು ಒ ಎರಡರ ನಡುವೆ ಎಲ್ಲೋ ಇರುತ್ತದೆ. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರ ಇಲ್ಲ, ಹಾಗಾಗಿ ಇಲ್ಲಿ ಒ ಅಂತಲೇ ಬರೆದಿದ್ದೇನೆ. ಕೊರಿಯನ್ನರು ಮಾತಾಡೋದನ್ನು ಹತ್ತು ಸಲ ಕೇಳಿದರೆ ಕಿವಿ ತಾನೇ ಹಿಡಿಯುತ್ತದೆ.

ನೋಯುತ್ತಾ ಇರೋದಿಲ್ಲ

ಎಲ್ಲಕ್ಕಿಂತ ದೊಡ್ಡ ಗುಂಡಿ ಇದು. ನಾವು ಸಹಜವಾಗಿ ಹೇಳೋದು "ತಲೆ ನೋಯುತ್ತಾ ಇದೆ". ಕೊರಿಯನ್‌ನಲ್ಲೂ ಈ 'ತಾ ಇದೆ'ಗೆ ಒಂದು ರೂಪ ಇದೆ, 'ಗೊ ಇಸ್ಸೊಯೊ'. ತಿನ್ನುತ್ತಾ ಇದ್ದೇನೆ ಅಂದರೆ ಮೊಕ್ಕೊ ಇಸ್ಸೊಯೊ. ಇದನ್ನು ಕಲಿತ ಉತ್ಸಾಹದಲ್ಲಿ ನಾನೂ "ಮೊರಿಗಾ ಆಫುಗೊ ಇಸ್ಸೊಯೊ" ಅಂತ ಬರೆದಿದ್ದೆ. ತಪ್ಪು.

ಕಾರಣ ಇಷ್ಟೇ. ಕನ್ನಡದಲ್ಲಿ ನೋಯು ಅನ್ನೋದು ಒಂದು ಕ್ರಿಯೆ. ಕೊರಿಯನ್‌ನಲ್ಲಿ ಆಫುದಾ ಅನ್ನೋದು ಒಂದು ಗುಣ. ದೊಡ್ಡದು, ಬಿಸಿ, ಚೆಂದ ಅನ್ನುವ ಪದಗಳ ಸಾಲಿಗೆ ಸೇರಿದ್ದು. ಕಾಫಿ 'ಬಿಸಿಯುತ್ತಾ ಇದೆ' ಅನ್ನೋದಿಲ್ಲ ನಾವು, ಬಿಸಿ ಇದೆ ಅನ್ನುತ್ತೇವೆ. ಹಾಗೇ ಅವರ ತಲೆ ನೋವಿನ ಸ್ಥಿತಿಯಲ್ಲಿ ಇದೆ, ಅಷ್ಟೇ. ಈಗ ನೋಯುತ್ತಿದ್ದರೂ ಆಫಾಯೊ, ಯಾವಾಗಲೂ ನೋಯುತ್ತಿದ್ದರೂ ಆಫಾಯೊ. ಮುಗಿದುಹೋದ ನೋವಾದರೆ ಆಫಾಸ್ಸೊಯೊ. ಬೇರೆಯವರು ನೋವಿನಿಂದ ನರಳೋದನ್ನು ನೋಡಿ ಹೇಳುವಾಗ ಮಾತ್ರ ಆಫಾಹೆಯೊ ಅಂತ ಅದನ್ನು ಕ್ರಿಯೆ ಮಾಡಿಕೊಳ್ಳುತ್ತಾರೆ. ಒಳಗಿನ ನೋವು ಬೇರೆ, ಹೊರಗೆ ಕಾಣುವ ನರಳಾಟ ಬೇರೆ.

ಆಫುದಾ ಹೇಗೆ ಆಫಾಯೊ ಆಯಿತು ಅಂತ ಕೇಳಿದರೆ ಪಠ್ಯಪುಸ್ತಕಗಳು ಅರ್ಧ ಪುಟ ತೆಗೆದುಕೊಳ್ಳುತ್ತವೆ. ನಮಗೆ ಒಂದೇ ಪದ ಸಾಕು, ಲೋಪಸಂಧಿ. ಊರು, ಅಲ್ಲಿ ಸೇರಿದಾಗ ಉ ಬಿದ್ದುಹೋಗಿ ಊರಲ್ಲಿ ಆಗುತ್ತದೆ. ಆಫು, ಆಯೊ ಸೇರಿದಾಗ ಉ ಬಿದ್ದುಹೋಗಿ ಆಫಾಯೊ ಆಗುತ್ತದೆ. ಈ ಉ ಕೂಡ ತುಟಿ ಮುಂದೆ ಚಾಚದೆ ಹೇಳುವ ಸಪ್ಪೆ ಉ. ಬಿದ್ದುಹೋಗೋದು ಆಶ್ಚರ್ಯವಲ್ಲ.

ಅಜ್ಜಿಯ ತಲೆಗೂ ಮರ್ಯಾದೆ

ಗೆಳೆಯರ ಹತ್ತಿರ ಆಫಾ ಅಂದರೆ ಸಾಕು. ಅಂಗಡಿ, ಕಾಲೇಜು, ಗೊತ್ತಿಲ್ಲದವರ ಹತ್ತಿರ ಆಫಾಯೊ. ಸಭೆ, ಸಂದರ್ಶನ, ಮಿಲಿಟರಿ ಅನ್ನುವಂಥ ಕಡೆ ಆಫುಮ್ನಿದಾ. ಬರೆಯೋದು ಆಫುಪ್ನಿದಾ ಅಂತ, ಓದೋದು ಆಫುಮ್ನಿದಾ. ನ ಮುಂದೆ ಬಂದಾಗ ಪ ಹೋಗಿ ಮ ಬರುತ್ತದೆ. ಷಟ್ ಮತ್ತು ಮುಖ ಸೇರಿ ಷಣ್ಮುಖ ಆದಾಗ ಹೈಸ್ಕೂಲಿನಲ್ಲಿ ಇದಕ್ಕೆ ಅನುನಾಸಿಕ ಸಂಧಿ ಅಂತ ಹೆಸರು ಹೇಳಿಕೊಟ್ಟಿದ್ದರು.

ಡಾಕ್ಟರು ನಿಮ್ಮನ್ನು ಕೇಳೋದು "ಒದಿಗಾ ಆಫುಸೆಯೊ?" ಅಂತ. ಎಲ್ಲಿ ನೋವು ಅಂತ. ಇಲ್ಲಿ ಬಂದ 'ಸೆಯೊ' ಮರ್ಯಾದೆಯ ರೂಪ, ನಮ್ಮ 'ರೀ' ಇದ್ದ ಹಾಗೆ. ಪ್ರಶ್ನೆ ಕೇಳಿಸಿಕೊಂಡವರು ಅದೇ ಧಾಟಿಯಲ್ಲಿ "ಮೊರಿಗಾ ಆಫುಸೆಯೊ" ಅಂತ ಉತ್ತರ ಕೊಟ್ಟುಬಿಡುತ್ತಾರೆ. ಅದು ತನಗೆ ತಾನೇ ಬಹುವಚನ ಕೊಟ್ಟುಕೊಂಡ ಹಾಗೆ, "ನಮ್ಮ ಯಜಮಾನರಾದ ನಾವು ಬಂದಿದ್ದಾರೆ" ಅಂದಂತೆ. ಪ್ರಶ್ನೆಯಲ್ಲಿ ಆಫುಸೆಯೊ, ಉತ್ತರದಲ್ಲಿ ಆಫಾಯೊ.

ಅಜ್ಜಿಗೆ ತಲೆನೋವಾದರೆ? "ಹಲ್ಮೊನಿನುನ್ ಮೊರಿಗಾ ಆಫುಸೆಯೊ." ಅಜ್ಜಿಯ ತಲೆಯನ್ನೂ ಗೌರವದಿಂದಲೇ ಮಾತಾಡಿಸಬೇಕು. ನಾವು ಅಜ್ಜಿ ಬಂದರು ಅನ್ನುತ್ತೇವೆ, ಆದರೆ ಅಜ್ಜಿಯ ತಲೆ ನೋಯುತ್ತಿದ್ದಾರೆ ಅನ್ನುವುದಿಲ್ಲ. ಅವರು ಅಷ್ಟು ದೂರ ಹೋಗುತ್ತಾರೆ. ತಲೆ ಕೈ ಕಾಲು ಅಂತ ಹೆಸರಿಸದೆ, ಅಜ್ಜಿಗೆ ಮೈ ಹುಷಾರಿಲ್ಲ ಅನ್ನಬೇಕಾದರೆ ಪದವೇ ಬೇರೆ, ಫ್ಯೊನ್‌ಚಾನುಸೆಯೊ. ಇದರ ಮೂಲ 'ಹಾಯಾಗಿಲ್ಲ' ಅನ್ನುವ ಎರಡು ಪದ, ಸವೆದು ಒಂದಾಗಿದೆ. ದೊಡ್ಡವರ ಕಾಯಿಲೆಯನ್ನು ನೇರವಾಗಿ ಹೆಸರಿಸದೆ 'ಹುಷಾರಿಲ್ಲ' ಅನ್ನೋದು ನಮಗೂ ಹೊಸದಲ್ಲ.

ದುಥೊಙ್

ತಲೆನೋವು, ಶಿರೋವೇದನೆ ಅಂತ ನಮ್ಮಲ್ಲಿ ಎರಡು ಪದ. ಒಂದು ಮನೆಯದು, ಇನ್ನೊಂದು ಸಂಸ್ಕೃತದಿಂದ ಬಂದದ್ದು. ಕೊರಿಯನ್ನಿಗೆ ಆ ಎರಡನೇ ಪದಕೋಶ ಬಂದದ್ದು ಚೀನಾದಿಂದ. ದು ಅಂದರೆ ತಲೆ, ಥೊಙ್ ಅಂದರೆ ನೋವು. (ವರ್ಣಮಾಲೆಯಲ್ಲಿ ಸುಮ್ನೆ ಕೂತಿದ್ದ ನಮ್ಮ ಙ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು.) ವ್ಯತ್ಯಾಸ ಏನಂದರೆ, ನಮ್ಮಲ್ಲಿ ಶಿರೋವೇದನೆ ಅಂದರೆ ನಾಟಕದ ಮಾತಿನ ಹಾಗೆ ಕೇಳುತ್ತದೆ. ಅಲ್ಲಿ ದುಥೊಙ್ ದಿನನಿತ್ಯದ ಮಾತು. ಮಾತ್ರೆ ಪ್ಯಾಕೆಟ್ಟಿನ ಮೇಲೆ ಇರೋದೂ ಅದೇ.

ಈ ಥೊಙ್ ಒಂದನ್ನು ಕಲಿತರೆ ಒಂದು ಗೊಂಚಲೇ ಕೈಗೆ ಬರುತ್ತದೆ. ಚಿಥೊಙ್ ಹಲ್ಲುನೋವು, ಬೊಕ್‌ಥೊಙ್ ಹೊಟ್ಟೆನೋವು, ಯೊಥೊಙ್ ಸೊಂಟನೋವು, ಸೆಙ್‌ನಿಥೊಙ್ ಮುಟ್ಟಿನ ನೋವು. ನೋವು ತಗ್ಗಿಸುವ ಮಾತ್ರೆ ಜಿನ್‌ಥೊಙ್‌ಜೆ. ಇನ್ನು ಮೈಗ್ರೇನ್ ಅಂದರೆ ಫ್ಯೊನ್‌ದುಥೊಙ್. ಫ್ಯೊನ್ ಅಂದರೆ ಒಂದು ಪಕ್ಕ. ಒಂದು ಪಕ್ಕದ ತಲೆನೋವು. ನಮ್ಮ ಹಿರಿಯರು ಅದನ್ನೇ ಅರೆತಲೆನೋವು ಅಂದರು. ಮೈಗ್ರೇನ್ ಅನ್ನುವ ಪದದ ಹಿಂದಿರುವ ಗ್ರೀಕ್ ಮೂಲಕ್ಕೂ ಅರ್ಧ ತಲೆಬುರುಡೆ ಅಂತಲೇ ಅರ್ಥ. ಮೂರು ಕಡೆಯ ಜನ, ಒಂದೇ ನೋವು, ಒಂದೇ ಹೆಸರು.

ಎಂಥ ನೋವು?

ತಲೆನೋವು ಅಂತ ಹೇಳಿದ ಮೇಲೆ ಯಾವ ಥರದ್ದು ಅಂತ ಹೇಳಬೇಕಲ್ಲ. ಇಂಗ್ಲಿಷ್ ಕಲಿತವರು ಇಲ್ಲಿ ಥ್ರಾಬಿಂಗ್, ಡಲ್ ಅಂತ ವಿಶೇಷಣ ಹುಡುಕುತ್ತಾರೆ. ಕೊರಿಯನ್ನರು ಹುಡುಕೋದು ಸದ್ದನ್ನು. ನಮ್ಮ ಧಗಧಗ, ಚುರುಚುರು, ಗಿರಗಿರ ಇವೆಯಲ್ಲ, ಅಂಥ ಅನುಕರಣ ಪದಗಳು ಕೊರಿಯನ್‌ನಲ್ಲಿ ರಾಶಿ ರಾಶಿ ಇವೆ.

ನರ ಬಡಿದುಕೊಳ್ಳುವಂತೆ ತಲೆ ಸಿಡಿಯುತ್ತಿದ್ದರೆ ಜಿಕ್ಕುನ್‌ಜಿಕ್ಕುನ್. ತಲೆನೋವಿಗೆಂದೇ ಹುಟ್ಟಿದ ಪದವೇನೋ ಅನ್ನುವಷ್ಟು ಇದು ತಲೆಗೆ ಅಂಟಿಕೊಂಡಿದೆ. ಹಲ್ಲು, ಗಾಯ ಮಿಡಿದು ಮಿಡಿದು ನೋಯುವಾಗ ಉಕ್‌ಶಿನ್‌ಉಕ್‌ಶಿನ್. ಸೂಜಿ ಚುಚ್ಚಿದ ಹಾಗಿದ್ದರೆ ಖೊಕ್‌ಖೊಕ್. ಅದನ್ನೇ ಖುಕ್‌ಖುಕ್ ಅಂದರೆ ಚುಚ್ಚಿದ್ದು ಇನ್ನೂ ಆಳಕ್ಕೆ, ಸೂಜಿ ಇನ್ನೂ ದಪ್ಪ. ಸ್ವರ ಬದಲಾದ ಹಾಗೆ ನೋವಿನ ತೂಕ ಬದಲಾಗುತ್ತದೆ. ಆ, ಒ ಇದ್ದರೆ ಹಗುರ, ಚಿಕ್ಕದು. ಉ ಅಥವಾ ಮೊರಿಯಲ್ಲಿ ನೋಡಿದ ಸಡಿಲ ಬಾಯಿಯ ಒ ಇದ್ದರೆ ಭಾರ, ದೊಡ್ಡದು. ನನಗೆ ಇಡೀ ಕೊರಿಯನ್ ಭಾಷೆಯಲ್ಲಿ ಅತಿ ಇಷ್ಟವಾದ ಮೂಲೆ ಇದೇ.

ನಿದ್ದೆಗೆಟ್ಟು ತಲೆ ಧಿಮ್ ಅಂತಿದ್ದರೆ "ಮೊರಿಗಾ ತ್ತಿಙ್‌ಹೆಯೊ". ತ್ತಿಙ್ ಅನ್ನುವ ಸದ್ದೇ ಎಲ್ಲ ಹೇಳುತ್ತದೆ. ತಲೆ ಭಾರವಾದರೆ "ಮೊರಿಗಾ ಮುಗೊವೊಯೊ". ತಲೆ ಸುತ್ತಿದರೆ "ಒಜಿರೊವೊಯೊ". ಇದನ್ನು ತಲೆನೋವಿನ ಜೊತೆ ಕಲಸಬೇಡಿ, ಡಾಕ್ಟರಿಗೆ ಎರಡೂ ಬೇರೆ ಬೇರೆ ಸುಳಿವು. ತಡೆಯಲಾರದಷ್ಟಾದರೆ "ಮೊರಿಗಾ ಕ್ಕೆಜಿಲ್ ಕ್ಕೊತ್ ಗಾಥಾಯೊ". ತಲೆ ಒಡೆದುಹೋಗೋ ಹಾಗಿದೆ ಅಂತ. ಪದಕ್ಕೆ ಪದ ಕನ್ನಡವೇ.

ಎಲ್ಲಿ ಅಂತ ತೋರಿಸಲು ಬೆರಳಿಟ್ಟು "ಯೊಗಿಗಾ ಆಫಾಯೊ", ಇಲ್ಲಿ ನೋವು, ಅಂದರೆ ಮುಗಿಯಿತು. ಹಣೆ ಇಮಾ. ಕಣ್ಣಿಗೂ ಕಿವಿಗೂ ನಡುವೆ ನಾಡಿ ಮಿಡಿಯುವ ಜಾಗಕ್ಕೆ ಒಂದು ಚೆಂದದ ಹೆಸರಿದೆ, ಗ್ವಾನ್‌ಜಾನೊರಿ. ಹಿಂದಿನ ಕಾಲದ ಗಂಡಸರು ಜುಟ್ಟು ಕಟ್ಟಿ ತಲೆಗೆ ಪಟ್ಟಿ ಬಿಗಿಯುತ್ತಿದ್ದರು. ಆ ಪಟ್ಟಿಯ ದಾರ ಪೋಣಿಸುವ ಪುಟ್ಟ ಬಳೆಗೆ ಗ್ವಾನ್‌ಜಾ ಅಂತ ಹೆಸರು. ನಾಡಿ ಮಿಡಿದಾಗಲೆಲ್ಲ ಆ ಬಳೆ ಅಲ್ಲಾಡುತ್ತಿತ್ತು, ಅದರಿಂದ ಆ ಜಾಗಕ್ಕೆ ಆ ಹೆಸರು. ಪಟ್ಟಿ ಹೋಯಿತು, ಹೆಸರು ಉಳಿಯಿತು.

ಮಾತ್ರೆ ಕೇಳುವಾಗ

ಕೊರಿಯಾದಲ್ಲಿ ಔಷಧಿ ಅಂಗಡಿ ಯಾಕ್ಕುಕ್. ಬೋರ್ಡಿನ ಮೇಲೆ 'ಯಾಕ್' ಅನ್ನುವ ಒಂದೇ ದೊಡ್ಡ ಅಕ್ಷರ ಇರುತ್ತದೆ, ಔಷಧಿ ಅಂತ. 2000ದಲ್ಲಿ ಕಾನೂನು ಬದಲಾಗಿ, ಡಾಕ್ಟರು ಚೀಟಿ ಬರೆಯೋದು, ಔಷಧಿ ಅಂಗಡಿಯವರು ಮದ್ದು ಕೊಡೋದು ಅಂತ ಕೆಲಸ ಬೇರೆಯಾಯಿತು. ಸಾಮಾನ್ಯ ತಲೆನೋವಿನ ಮಾತ್ರೆಗೆ ಚೀಟಿ ಬೇಡ. 2012ರ ನವೆಂಬರಿನಿಂದ ಕೆಲವೇ ಕೆಲವು ಮಾತ್ರೆಗಳು ರಾತ್ರಿಯೆಲ್ಲ ತೆರೆದಿರುವ ದಿನಸಿ ಅಂಗಡಿಗಳಲ್ಲೂ ಸಿಗುತ್ತವೆ.

ಅಲ್ಲಿ ಹೋಗಿ ಡೋಲೊ, ಪ್ಯಾರಾಸಿಟಮಾಲ್ ಅಂದರೆ ಅಂಗಡಿಯವರು ಮುಖ ನೋಡಬಹುದು. ಅದೇ ಮದ್ದಿಗೆ ಅಲ್ಲಿ ಅಸಿಟಮಿನೋಫೆನ್ ಅಂತ ಹೆಸರು. ಜನ ಕೇಳೋದು ಥಾಇರೆನೊಲ್ ಅಂತ, ಟೈಲೆನಾಲ್ ಅನ್ನೋದರ ಕೊರಿಯನ್ ಉಚ್ಚಾರ.

ಕೇಳೋದು ಹೀಗೆ: "ಮೊರಿಗಾ ಆಫುನ್‌ದೆ, ಯಾಕ್ ಜೊಮ್ ಜುಸೆಯೊ." ತಲೆ ನೋಯ್ತಿದೆ, ಸ್ವಲ್ಪ ಮಾತ್ರೆ ಕೊಡಿ. ಇಲ್ಲಿ ಕಾರಣ ಹೇಳುವ 'ಆಫಾಸೊ' ಬಳಸಲು ಮನಸ್ಸಾಗುತ್ತದೆ. ಆದರೆ ಅದರ ಹಿಂದೆ 'ಕೊಡಿ', 'ಬನ್ನಿ' ಅನ್ನುವಂಥ ಕೋರಿಕೆ ಬರುವ ಹಾಗಿಲ್ಲ. "ಮೊರಿಗಾ ಆಫಾಸೊ ಮೊತ್ ಗಾಸ್ಸೊಯೊ", ತಲೆ ನೋಯುತ್ತಿತ್ತು, ಅದಕ್ಕೆ ಹೋಗಲಾಗಲಿಲ್ಲ, ಅನ್ನೋದಕ್ಕೆ ಅದು ಸರಿ. ರಜೆ ಚೀಟಿಗೆ ಆಫಾಸೊ, ಔಷಧಿ ಅಂಗಡಿಗೆ ಆಫುನ್‌ದೆ ಅಂತ ನೆನಪಿಟ್ಟುಕೊಂಡರೆ ಆಯಿತು.

ಅವರು "ಒನ್‌ಜೆಬುಥೊ?" ಅನ್ನಬಹುದು. ಯಾವಾಗಿಂದ ಅಂತ. ಬುಥೊ ನಮ್ಮ 'ಇಂದ'. ಒಜೆಬುಥೊ ನಿನ್ನೆಯಿಂದ, ಆಚಿಮ್‌ಬುಥೊ ಬೆಳಿಗ್ಗೆಯಿಂದ. ಜೊತೆಗೆ ಜ್ವರ ಇದ್ದರೆ "ಯೊರಿ ನಾಯೊ".

ಇನ್ನೊಂದು ಪದ ನಿಮ್ಮ ಕಿವಿಗೆ ಬೀಳಬಹುದು, ಚೆಹೆಸ್ಸೊಯೊ. ತಿಂದದ್ದು ಎದೆಯಲ್ಲೇ ನಿಂತ ಹಾಗಿದೆ ಅಂತ. ತಲೆ ನೋಯುತ್ತಿದೆ ಅಂದರೆ ಹೊಟ್ಟೆ ಕೆಟ್ಟಿದೆಯಾ ಅಂತ ಕೇಳುವ ಕೊರಿಯನ್ ಅಮ್ಮಂದಿರಿದ್ದಾರೆ, ನಮ್ಮಲ್ಲಿ ಪಿತ್ತ ತಲೆಗೇರಿದೆ ಅನ್ನುವ ಹಾಗೆ. ಆಗ ಹೆಬ್ಬೆರಳಿಗೆ ದಾರ ಸುತ್ತಿ, ಉಗುರಿನ ಬುಡದಲ್ಲಿ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆಯೋದು ಅಲ್ಲಿನ ಮನೆಮದ್ದು. ನಾನಂತೂ ಬೆರಳು ಕೊಡಲಾರೆ.

ತಲೆನೋವು ದಿಢೀರ್ ಅಂತ ಬಂದು, ಮಾತು ತೊದಲಿದರೆ ಅಥವಾ ಕೈಕಾಲಿನ ಶಕ್ತಿ ಕುಂದಿದರೆ ಮಾತ್ರೆ ಹುಡುಕುತ್ತಾ ಕೂರಬಾರದು. ಕೊರಿಯಾದಲ್ಲಿ ಆಂಬುಲೆನ್ಸ್ ನಂಬರು 119. 'ಕಾಪ್‌ಚಾಗಿ' ಅಂದರೆ ದಿಢೀರ್ ಅಂತ. ಆ ಒಂದು ಪದ ಮುಖ್ಯ.

ತಲೆ ಇಲ್ಲದ ತಲೆನೋವು

ಮೊರಿಗೆ ಕೂದಲು ಅಂತಲೂ ಅರ್ಥ ಇದೆ. ಕೊರಿಯನ್ನರು "ಮೊರಿ ಜಾಲ್ಲಾಸ್ಸೊಯೊ" (ತಲೆ ಕತ್ತರಿಸಿಕೊಂಡೆ) ಅಂದರೆ ಗಾಬರಿ ಬೇಡ, ಕಟಿಂಗ್ ಮಾಡಿಸಿದ್ದಾರೆ. ತಲೆ ಬಾಚಿಕೊಂಡೆ, ತಲೆ ನೆರೆತಿದೆ ಅನ್ನುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊಟ್ಟೆಯ ಕತೆ ಇನ್ನೂ ಚೆಂದ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಜಮೀನು ಕೊಂಡರೆ ಹೊಟ್ಟೆ ನೋಯುತ್ತದೆ ಅಂತ ಅಲ್ಲೊಂದು ಗಾದೆ. ಹಾಗಾಗಿ "ಬೆಗಾ ಆಫಾ" ಅಂದವರಿಗೆ ಅಜೀರ್ಣ ಆಗಿರಬಹುದು, ಹೊಟ್ಟೆಕಿಚ್ಚೂ ಆಗಿರಬಹುದು.

ಕೊರಿಯನ್ ಧಾರಾವಾಹಿ ನೋಡುವವರಿಗೆ ಎರಡು ದೃಶ್ಯ ಗೊತ್ತೇ ಇರುತ್ತವೆ. ಮಗ ಹಟ ಹಿಡಿದರೆ ಅಮ್ಮ ಹಣೆಗೆ ಬಿಳಿ ಬಟ್ಟೆ ಬಿಗಿದು ಮಲಗಿಬಿಡುತ್ತಾಳೆ. ಕಂಪನಿ ಯಜಮಾನರಿಗೆ ಕೆಟ್ಟ ಸುದ್ದಿ ಬಂದರೆ ಕತ್ತಿನ ಹಿಂಭಾಗ ಹಿಡಿದುಕೊಂಡು ಕುಸಿಯುತ್ತಾರೆ. ಎರಡನೆಯದಕ್ಕೆ ಮಾತೇ ಇದೆ, ದ್ವಿನ್‌ಮೊಕ್ ಜಾಪ್ತಾ, ಹಿಂಗತ್ತು ಹಿಡಿದುಕೊಳ್ಳೋದು. ಸಿಟ್ಟು, ಆಘಾತ ಮಿತಿ ಮೀರಿದರೆ ಜನ ಸುಮ್ನೆ ಮಾತಿಗೂ ಹಾಗನ್ನುತ್ತಾರೆ. ದ್ವಿನ್ ಪದದ ಕೊನೆಗೆ ಬರೆಯುವಾಗ ಇರುವ ವ್ಯಂಜನವೇ ಬೇರೆ, ಇಲ್ಲೂ ಮ ಮುಂದೆ ಬಂದ ಕಾರಣಕ್ಕೆ ಅದು ನ ಆಗಿದೆ. ಮತ್ತೆ ಷಣ್ಮುಖ.

ಇನ್ನು ತೀರದ ಕೆಲಸ, ಬಗೆಹರಿಯದ ಲೆಕ್ಕ, ಮಾತು ಕೇಳದ ಗಿರಾಕಿ ಇಂಥವಕ್ಕೆ "ಮೊರಿ ಆಫಾ" ಅಂದರೂ ನಡೆಯುತ್ತದೆ. ಆದರೆ ಅದಕ್ಕೆಂದೇ ಮೀಸಲಾದ ಮಾತು "ಗೊಲ್ಚಿ ಆಫಾ". ಪಕ್ಕದ ಕುರ್ಚಿಯ ಕೊರಿಯನ್ ಸಹೋದ್ಯೋಗಿ ಕಂಪ್ಯೂಟರ್ ನೋಡುತ್ತಾ ಹಾಗೆ ಗೊಣಗಿದರೆ ಥಾಇರೆನೊಲ್ ಕೊಡಲು ಹೋಗಬೇಡಿ. ಆ ಫೈಲಿನಲ್ಲಿ ಅರ್ಧ ನಿಮ್ಮ ಮೇಜಿಗೆ ಎಳೆದುಕೊಂಡರೆ ಅವರಿಗೆ ಬೇಗ ವಾಸಿಯಾಗುತ್ತದೆ.